ಊಟದ ಮನೆಯ ಗೋಡೆಯ ಮೇಲೆ ರೈತರ ಮದುವೆ

ಆಂಟ್ವರ್ಪ್ ನಗರದ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಝಾಂ ನುವಾರೊ 1572ರಲ್ಲಿ ದಿವಾಳಿಯಾದ. ಸಾಲ ಕೊಟ್ಟವರ ಪಾಲಿಗಾಗಿ ಅವನ ಮನೆಯ ಸಾಮಾನುಗಳನ್ನು ಪಟ್ಟಿ ಮಾಡಿ ಹರಾಜಿಗಿಟ್ಟರು. ಆ ಪಟ್ಟಿ ಉಳಿದುಕೊಂಡಿರುವುದರಿಂದಲೇ ನಮಗೆ ಒಂದು ದೊಡ್ಡ ವಿಷಯ ಗೊತ್ತಾಗಿದೆ: ಪೀಟರ್ ಬ್ರೂಗೆಲ್ ಬರೆದ ರೈತರ ಚಿತ್ರಗಳನ್ನು ನುವಾರೊ ತೂಗುಹಾಕಿದ್ದು ಊಟದ ಕೋಣೆಯಲ್ಲಿ. ಅವನು ನೆಂಟರನ್ನೂ ವ್ಯಾಪಾರದ ಗೆಳೆಯರನ್ನೂ ಕೂರಿಸಿ ಉಣಬಡಿಸುತ್ತಿದ್ದ ಮೇಜಿನ ಪಕ್ಕದ ಗೋಡೆಯ ಮೇಲೆ ಹಳ್ಳಿಯವರೂ ಉಣ್ಣುತ್ತ ಕುಡಿಯುತ್ತ ಇದ್ದರು.

ಈ ಚಿತ್ರಗಳ ಮನೆವಾಸದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಸಾಲದ ಕಾಗದಗಳಿಂದ ಬಂದದ್ದು. ಆಂಟ್ವರ್ಪಿನ ಇನ್ನೊಬ್ಬ ಸಿರಿವಂತ ನಿಕೊಲಾಸ್ ಯೊಂಗೆಲಿಂಕ್ 1566ರಲ್ಲಿ ಪರಿಚಿತನೊಬ್ಬನ ಪರವಾಗಿ ನಗರಕ್ಕೆ 16,000 ಗಿಲ್ಡರುಗಳ ಜಾಮೀನು ನಿಂತ. ಆಗ ಅಡಮಾನವಾಗಿ ಬರೆದುಕೊಟ್ಟ ಚಿತ್ರಗಳಲ್ಲಿ ಬ್ರೂಗೆಲ್‌ನವೇ 16 ಇದ್ದವು. ನಾಲ್ಕೂವರೆ ಶತಮಾನದ ಮೇಲೆ, 2013ರಲ್ಲಿ, ಅಮೆರಿಕದ ಡೆಟ್ರಾಯ್ಟ್ ನಗರವೇ ದಿವಾಳಿ ಎದ್ದಿತು. ಅಲ್ಲಿನ ವಸ್ತುಸಂಗ್ರಹಾಲಯದ ಕಲಾಕೃತಿಗಳಿಗೆ ಬೆಲೆ ಕಟ್ಟಿಸಿದಾಗ ಪಟ್ಟಿಯ ತುದಿಯಲ್ಲಿ ಬಂದದ್ದು ಬ್ರೂಗೆಲ್ 1566ರಲ್ಲಿ ಬರೆದ ‘ಮದುವೆಯ ಕುಣಿತ’. ಅಂದಾಜು 10ರಿಂದ 20 ಕೋಟಿ ಡಾಲರ್. ಅದು ಮಾರಾಟವಾಗಲಿಲ್ಲ ಎಂಬುದು ಸಮಾಧಾನದ ಸಂಗತಿ.

ರೈತರ ಹಬ್ಬದ ಚಿತ್ರಗಳ ಕುರಿತು ವಿದ್ವಾಂಸರು ದಶಕಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ. ಕಲಾವಿದ ಈ ರೈತರನ್ನು ಗೇಲಿ ಮಾಡುತ್ತಿದ್ದಾನೆಯೇ, ಅವರ ಮೇಲೆ ಮಮತೆ ತೋರುತ್ತಿದ್ದಾನೆಯೇ? ಇದನ್ನು ಚಿತ್ರಕ್ಕೆ ಕೇಳುವುದಕ್ಕಿಂತ ಚಿತ್ರ ಇದ್ದ ಕೋಣೆಗೆ ಕೇಳಿದರೆ ಉತ್ತರ ಹೆಚ್ಚು ಸಿಗುತ್ತದೆ ಎಂದು ನನ್ನ ನಂಬಿಕೆ. ಚಿತ್ರ ಗೋಡೆಯಿಂದ ಗೋಡೆಗೆ ಹೋದಂತೆ, ಮರದ ಹಲಗೆಯಿಂದ ಬಟ್ಟೆಗೆ, ಬಟ್ಟೆಯಿಂದ ಹೂಜಿಗೆ, ಹೂಜಿಯಿಂದ ನೇಯ್ದ ಪರದೆಗೆ ದಾಟಿದಂತೆ, ಅದರೊಳಗಿನ ರೈತನ ಸ್ಥಾನವೂ ಬದಲಾಯಿತು.

ಮೊದಲು ಹಬ್ಬದ ವಿಷಯ. ಫ್ಲಾಂಡರ್ಸ್ ಮತ್ತು ಬ್ರಬಾಂಟ್ ಸೀಮೆಯ ಪ್ರತಿ ಊರಿನಲ್ಲೂ ಅಲ್ಲಿನ ಚರ್ಚಿನ ಪ್ರತಿಷ್ಠೆಯ ದಿನದ ನೆನಪಿಗೋ ಊರಿನ ಸಂತನ ದಿನಕ್ಕೋ ನಡೆಯುತ್ತಿದ್ದ ಜಾತ್ರೆಗೆ ಕೆರ್ಮಿಸ್ ಎನ್ನುತ್ತಾರೆ. ಪೂಜೆ, ಮೆರವಣಿಗೆ, ಬಿಲ್ಲುಗಾರರ ಪಂದ್ಯ, ನಾಟಕ, ಅಂಗಡಿ ಸಾಲು, ಬಿಯರು, ಕುಣಿತ, ಹೊಡೆದಾಟ ಎಲ್ಲವೂ ಅದರಲ್ಲಿ ಸೇರಿದ್ದವು. ಹಲವು ದಿನ ಎಳೆಯುತ್ತಿದ್ದ ಈ ಸಂಭ್ರಮ ಆಳುವವರಿಗೆ ತಲೆನೋವಾಗಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ 1531ರಲ್ಲಿ ಹೊರಡಿಸಿದ ಆಜ್ಞೆ ಕೆರ್ಮಿಸನ್ನು ಒಂದೇ ದಿನಕ್ಕೆ ಕಟ್ಟಿಹಾಕಿತು, ಮದುವೆಗೆ 20 ಜನರಿಗಿಂತ ಹೆಚ್ಚು ಅತಿಥಿಗಳನ್ನು ಕರೆಯಬಾರದೆಂದಿತು. ಡೆಟ್ರಾಯ್ಟಿನಲ್ಲಿರುವ ‘ಮದುವೆಯ ಕುಣಿತ’ದಲ್ಲಿ ಸುಮಾರು 125 ಜನರಿದ್ದಾರೆ. ಕಾನೂನಿನ ಕಾಗದಕ್ಕೂ ಊರಿನ ಬಯಲಿಗೂ ಇದ್ದ ದೂರ ಅಷ್ಟು.

ಹಬ್ಬದ ಚಿತ್ರ ಹುಟ್ಟಿದ್ದು ಆಂಟ್ವರ್ಪಿನಲ್ಲಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಸೆಬಾಲ್ಡ್ ಬೇಹಮ್ 1530ರ ದಶಕದಲ್ಲೇ ಮರದಚ್ಚಿನಿಂದ ಉದ್ದುದ್ದನೆಯ ಊರಹಬ್ಬದ ಚಿತ್ರಗಳನ್ನು ಮುದ್ರಿಸುತ್ತಿದ್ದ. ಅಲಿಸನ್ ಸ್ಟುವರ್ಟ್ 2008ರ ತಮ್ಮ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಅಚ್ಚಿನ ಚಿತ್ರಗಳು ಗೋಡೆಗೆ ಅಂಟುತ್ತಿದ್ದವು, ಊರಿಂದೂರಿಗೆ ಹೋಗುತ್ತಿದ್ದವು, ಬೇರೆ ಕುಶಲಕರ್ಮಿಗಳ ಕೈಗೂ ಸಿಗುತ್ತಿದ್ದವು. ಈಗ ಬೆಲ್ಜಿಯಮ್ಮಿನ ಪೂರ್ವ ಅಂಚಿನಲ್ಲಿರುವ ರಾರೆನ್ ಎಂಬ ಕುಂಬಾರರ ಊರಿನಲ್ಲಿ ಯಾನ್ ಎಮೆನ್ಸ್ ಮೆನ್ನಿಕೆನ್ 1570ರ ದಶಕದಲ್ಲಿ ಮಾಡಿದ ಕಂದು ಹೂಜಿಗಳ ಹೊಟ್ಟೆಯ ಸುತ್ತ ಬೇಹಮ್‌ನ ರೈತ ಜೋಡಿಗಳು ಉಬ್ಬುಚಿತ್ರವಾಗಿ ಕುಣಿಯುತ್ತಾರೆ. ಬಿಯರು ಸುರಿದುಕೊಳ್ಳುವವನ ಅಂಗೈಗೇ ಆ ಕುಣಿತ ತಾಗುತ್ತಿತ್ತು. ಗೋಡೆಯ ಅಲಂಕಾರ, ಮೇಜಿನ ಪಾತ್ರೆ ಎಂದು ನಾವು ಬೇರೆ ಮಾಡಿ ನೋಡುವುದನ್ನು ಆ ಮನೆಗಳು ಒಂದೇ ಆಗಿ ಬಾಳಿದ್ದವು. ಬ್ರೂಗೆಲ್ ಕೂಡ ಮರದ ಊಟದ ತಟ್ಟೆಗಳ ಮೇಲೆ ಚಿತ್ರ ಬರೆದವನೇ. 1558ರ ‘ಹನ್ನೆರಡು ಗಾದೆಗಳು’ ಎಂದು ಆಂಟ್ವರ್ಪಿನ ಮಾಯರ್ ವಾನ್ ಡೆನ್ ಬೆರ್ಗ್ ವಸ್ತುಸಂಗ್ರಹಾಲಯದಲ್ಲಿ ಇಂದು ಒಂದೇ ಚೌಕಟ್ಟಿನಲ್ಲಿ ಕಾಣುವುದು ಅಂಥ ತಟ್ಟೆಗಳನ್ನೇ.

ಆಂಟ್ವರ್ಪ್ ಆಗ ಉತ್ತರ ಯೂರೋಪಿನ ವ್ಯಾಪಾರದ ಕೇಂದ್ರ, ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿ ನೆಲೆಸಿದ್ದ ಇಟಲಿಯ ವರ್ತಕ ಲೊಡೊವಿಕೊ ಗ್ವಿಚ್ಚಾರ್ದಿನಿ 1567ರ ಪುಸ್ತಕದಲ್ಲಿ ರೊಟ್ಟಿ ಸುಡುವವರು 169, ಮಾಂಸದ ಅಂಗಡಿಯವರು 78, ಚಿತ್ರ ಮತ್ತು ಕೆತ್ತನೆಯ ಕಸುಬಿನವರು 300 ಎಂದು ಲೆಕ್ಕ ಕೊಡುತ್ತಾನೆ. ವರ್ತಕರು ಹುಂಡಿ ವ್ಯವಹಾರ ನಡೆಸುತ್ತಿದ್ದ ಕಟ್ಟಡದ ಮಹಡಿಯಲ್ಲಿ 1540ರಿಂದ ಚಿತ್ರಗಳ ಕಾಯಂ ಪೇಟೆಯೇ ಇತ್ತು. ಚರ್ಚಿನವರೋ ದೊರೆಯೋ ಹೇಳಿ ಬರೆಸುವವರೆಗೆ ಕಲಾವಿದ ಕಾಯಬೇಕಿರಲಿಲ್ಲ. ಬರೆದಿಟ್ಟ ಚಿತ್ರವನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಹಣ ಕಡಿಮೆ ಇದ್ದವರಿಗೆ ಮೆಕೆಲೆನ್ ಊರಿನಲ್ಲಿ ತಯಾರಾಗುತ್ತಿದ್ದ, ತೆಳು ನಾರುಬಟ್ಟೆಯ ಮೇಲೆ ನೀರುಬಣ್ಣದಲ್ಲಿ ಬರೆದ ಚಿತ್ರಗಳಿದ್ದವು. ಕಲಾವಿದರ ಚರಿತ್ರೆ ಬರೆದ ಕಾರೆಲ್ ವಾನ್ ಮಾಂಡರ್ ಅಲ್ಲಿ ಅಂಥ 150 ಕಾರ್ಯಾಗಾರಗಳಿದ್ದವು ಎನ್ನುತ್ತಾನೆ. ನೇಯ್ದ ಪರದೆ ಕೊಳ್ಳಲಾಗದವರು ಇವನ್ನು ಗೋಡೆಗೆ ಹರಡುತ್ತಿದ್ದರು. ಹೊಗೆ, ತೇವ, ಇಲಿಗಳ ಪಾಲಾಗಿ ಅವು ಹೆಚ್ಚುಕಡಿಮೆ ಪೂರ್ತಿ ನಾಶವಾಗಿವೆ. ನಾವು ಬರೆಯುವ ಚರಿತ್ರೆ ಮರದ ಹಲಗೆಯ ಚಿತ್ರಗಳ ಕಡೆಗೆ, ಅಂದರೆ ಸಿರಿವಂತರ ಮನೆಗಳ ಕಡೆಗೆ, ವಾಲಿರುವುದಕ್ಕೆ ಇದೇ ಕಾರಣ. ಸಾಮಾನ್ಯರ ಮನೆಯಲ್ಲಿದ್ದದ್ದು ಉಳಿಯಲಿಲ್ಲ.

ಗೇಲಿಯೋ ಮಮತೆಯೋ ಎಂಬ ಜಗಳ 20ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಕಾವೇರಿತು. ಅದಕ್ಕೂ ಮೊದಲು ಬ್ರೂಗೆಲ್ ಎಂದರೆ ರೈತರಲ್ಲಿ ಒಬ್ಬನಾದ, ಅವರ ಕೇಕೆಗೆ ದನಿಗೂಡಿಸಿದ ಕಲಾವಿದ ಎಂಬ ಭಾವನೆ ಗಟ್ಟಿಯಾಗಿತ್ತು. ಅದಕ್ಕೆ ಬೀಜ ಹಾಕಿದವನು ವಾನ್ ಮಾಂಡರ್. ಬ್ರೂಗೆಲ್ ತನ್ನ ಗೆಳೆಯ, ವರ್ತಕ ಹಾನ್ಸ್ ಫ್ರಾಂಕರ್ಟ್ ಜೊತೆ ರೈತರ ಉಡುಪು ತೊಟ್ಟು ಮದುವೆಗಳಿಗೂ ಜಾತ್ರೆಗಳಿಗೂ ಹೋಗಿ, ಹೆಣ್ಣಿನದೋ ಗಂಡಿನದೋ ಕಡೆಯ ನೆಂಟರೆಂದು ಹೇಳಿಕೊಂಡು, ಮುಯ್ಯಿ ಕೊಟ್ಟು ಕೂರುತ್ತಿದ್ದ ಎಂದು 1604ರಲ್ಲಿ ಅವನು ಬರೆದ. ಇದು ನಿಜವಿದ್ದರೂ ಇರಬಹುದು. ಆದರೆ ವೇಷ ಹಾಕಿಕೊಂಡು ಹೋಗಬೇಕಾಯಿತು ಎಂದರೆ ಅವನು ಆ ಜನರವನಲ್ಲ ಎಂದೇ ಅರ್ಥ.

ನೀತಿಯ ಕನ್ನಡಕ ಹಾಕಿದವರು ಇದಕ್ಕೆ ವಿರುದ್ಧವಾಗಿ ಓದಿದರು. ವಿಯೆನ್ನಾದಲ್ಲಿರುವ ಬ್ರೂಗೆಲ್‌ನ ‘ರೈತರ ಕುಣಿತ’ದಲ್ಲಿ ಚರ್ಚು ದೂರದ ಹಿನ್ನೆಲೆಯಲ್ಲಿದೆ. ಯಾರೂ ಅತ್ತ ತಿರುಗಿಲ್ಲ. ಬಲಗಡೆಯ ಮರಕ್ಕೆ ಮೇರಿ ಮಾತೆಯ ಪುಟ್ಟ ಚಿತ್ರವೊಂದನ್ನು ಸಿಕ್ಕಿಸಿದ್ದಾರೆ, ಅದರ ಬಳಿ ಒಂದಿಷ್ಟು ಹೂವೂ ಇದೆ. ಟೋಪಿಗೆ ಚಮಚ ಸಿಕ್ಕಿಸಿಕೊಂಡು ಓಡೋಡಿ ಕುಣಿತಕ್ಕೆ ಬರುವ ಜೋಡಿಗೆ ಅದರ ಗಮನವಿಲ್ಲ. ಹಾಗಾಗಿ ಇದು ಹೊಟ್ಟೆಬಾಕತನ, ಕಾಮ, ಸಿಟ್ಟುಗಳ ಪಾಠ ಎಂದರು. 1972ರ ಲೇಖನದಲ್ಲಿ ಸ್ವೆಟ್ಲಾನಾ ಆಲ್ಪರ್ಸ್ ಇದನ್ನು ಒಪ್ಪಲಿಲ್ಲ. ಈ ಚಿತ್ರಗಳು ನಗುವಿನವು, ಹಬ್ಬದವು, ನೋಡುವವನು ಅದರಲ್ಲಿ ಪಾಲುಗೊಳ್ಳುತ್ತಾನೆ ಎಂದರು. ಹೆಸ್ಸೆಲ್ ಮಿಡೆಮಾ 1977ರಲ್ಲಿ ಖಾರವಾಗಿ ಉತ್ತರಿಸಿ, ಆ ಕಾಲದ ಓದಿದ ಜನಕ್ಕೆ ರೈತ ಎಂದರೆ ಮಾಡಬಾರದ್ದರ ಮಾದರಿ ಎಂದು ವಾದಿಸಿದರು. ಮಾರ್ಗರೆಟ್ ಕ್ಯಾರೊಲ್ 1987ರಲ್ಲಿ ರಾಜಕೀಯದ ಬಾಗಿಲು ತೆರೆದರು: ಸ್ಪೇನಿನ ಆಳ್ವಿಕೆಯ ಕೆಳಗೆ ನಾಡಿನ ಹಬ್ಬವನ್ನು ಚಿತ್ರಿಸುವುದು ನಾಡಿನ ಹಕ್ಕನ್ನು ನೆನಪಿಸುವ ಬಗೆ. ಮಾರ್ಗರೆಟ್ ಸಲ್ಲಿವನ್ 1994ರಲ್ಲಿ ಲ್ಯಾಟಿನ್ ಓದಿಕೊಂಡ ಮಂದಿಯ ಕಡೆ ಬೊಟ್ಟು ಮಾಡಿ, ರೋಮನ್ ವಿಡಂಬನಕಾರರನ್ನು ಬಲ್ಲವರಿಗೆ ಇವು ವಿಡಂಬನೆಯಾಗಿಯೇ ಕಂಡಿರುತ್ತವೆ ಎಂದರು. ವಾಲ್ಟರ್ ಗಿಬ್ಸನ್ 2006ರಲ್ಲಿ ಮತ್ತೆ ನಗುವಿನ ಪಕ್ಷ ಹಿಡಿದರು.

ಇಷ್ಟೂ ವಾದಗಳಲ್ಲಿ ನನಗೆ ಕೊರತೆಯಾಗಿ ಕಂಡದ್ದು, ಚಿತ್ರವನ್ನು ಪುಸ್ತಕದ ಪುಟದಂತೆ ಓದುವ ಅಭ್ಯಾಸ. 2013ರಲ್ಲಿ ಬಂದ ಕ್ಲಾಡಿಯಾ ಗೋಲ್ಡ್‌ಸ್ಟೀನ್ ಅವರ ಪುಸ್ತಕ ಈ ಅಭ್ಯಾಸವನ್ನು ಮುರಿಯಿತು. ನುವಾರೊನ ಪಟ್ಟಿಯನ್ನು ಮುಂದಿಟ್ಟುಕೊಂಡು ಅವರು ಊಟದ ಕೋಣೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆ ಕೋಣೆಯಲ್ಲಿ ಚಿತ್ರ ಮಾತಿಗೆ ಎಳೆಯುವ ವಸ್ತುವಾಗಿತ್ತು. 1522ರಲ್ಲೇ ವಿದ್ವಾಂಸ ಇರಾಸ್ಮಸ್ ಬರೆದ ಸಂವಾದವೊಂದರಲ್ಲಿ ಯೂಸೆಬಿಯಸ್ ಎಂಬ ಮನೆಯೊಡೆಯ ಅತಿಥಿಗಳನ್ನು ತೋಟದ ಮನೆಗೆ ಕರೆದು, ಗೋಡೆಯ ಚಿತ್ರಗಳನ್ನು ತೋರಿಸುತ್ತ ಮಾತು ಬೆಳೆಸುತ್ತಾನೆ. ಒಬ್ಬ ಅತಿಥಿ ನೀತಿ ಹೇಳುತ್ತಾನೆ, ಇನ್ನೊಬ್ಬ ನಗುತ್ತಾನೆ, ಮತ್ತೊಬ್ಬ ತನ್ನ ಗೇಣಿಯವನನ್ನು ನೆನೆಯುತ್ತಾನೆ ಎಂದು ನಾವು ಊಹಿಸಿಕೊಳ್ಳಬಹುದು. ಒಂದೇ ಗೋಡೆ ಎಲ್ಲರಿಗೂ ಎಡೆ ಕೊಡುತ್ತಿತ್ತು. ವಿದ್ವಾಂಸರು ಲೇಖನಗಳಲ್ಲಿ ಹಂಚಿಕೊಂಡ ಪಕ್ಷಗಳೆಲ್ಲ ಒಂದು ಸಂಜೆಯ ಊಟದಲ್ಲಿ ಜೊತೆಯಾಗಿಯೇ ಕೂತಿದ್ದಿರಬೇಕು.

ಆದರೆ ಕೋಣೆ ಇನ್ನೂ ಒಂದು ಸಂಗತಿ ಹೇಳುತ್ತದೆ, ಅದನ್ನು ವಿಯೆನ್ನಾದ ‘ರೈತರ ಮದುವೆ’ಯ ಮುಂದೆ ನಿಂತು ಯೋಚಿಸಬೇಕು. ಸುಮಾರು 1567ರ ಚಿತ್ರ, ಒಂದು ಮಾರಿಗೆ ತುಸು ಕಡಿಮೆ ಅಗಲದ ಹಲಗೆ ಎನ್ನಬಹುದು, 114 ಸೆಂಟಿಮೀಟರ್ ಎತ್ತರ, 164 ಸೆಂಟಿಮೀಟರ್ ಅಗಲ. ಮದುವೆ ನಡೆಯುತ್ತಿರುವುದು ಕಣಜದಲ್ಲಿ. ಹಿಂದಿನ ಗೋಡೆಯೇ ತೆನೆಯ ರಾಶಿ. ಹಸಿರು ಬಟ್ಟೆಯ ಮುಂದೆ, ಕಾಗದದ ಕಿರೀಟದ ಕೆಳಗೆ ಮದುಮಗಳು ಕೈ ಜೋಡಿಸಿ ಸುಮ್ಮನೆ ಕೂತಿದ್ದಾಳೆ. ಮದುಮಗ ಯಾರೆಂದು ಇಂದಿಗೂ ಒಮ್ಮತವಿಲ್ಲ. ಕೀಲಿನಿಂದ ಕಳಚಿದ ಬಾಗಿಲನ್ನೇ ತಟ್ಟೆ ಮಾಡಿಕೊಂಡು ಇಬ್ಬರು ಗಂಜಿಯ ಬಟ್ಟಲುಗಳನ್ನು ಹೊತ್ತು ತರುತ್ತಾರೆ. ಚೀಲವಾದ್ಯ ಹಿಡಿದವನೊಬ್ಬ ನುಡಿಸುವುದನ್ನು ಬಿಟ್ಟು ಬರುತ್ತಿರುವ ಊಟದ ಕಡೆ ನೋಡುತ್ತಿದ್ದಾನೆ. ಅವನ ಹಸಿವು ಆ ನೋಟದಲ್ಲಿ ಎಷ್ಟು ನಿಜವಾಗಿದೆ ಎಂದರೆ, ಅದೊಂದಕ್ಕಾಗಿ ಈ ಕಲಾವಿದ ರೈತರನ್ನು ತಿಳಿದಿದ್ದ ಎಂದು ನಾನು ಒಪ್ಪುತ್ತೇನೆ. ಮುಂದೆ ನೆಲದಲ್ಲಿ ಕೂತ ಮಗು ನವಿಲುಗರಿಯ ದೊಡ್ಡ ಟೋಪಿಯಲ್ಲಿ ಮುಖ ಮುಚ್ಚಿಹೋಗುವಂತೆ ಬಟ್ಟಲು ನೆಕ್ಕುತ್ತಿದೆ. ಬಲ ತುದಿಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಯೊಬ್ಬ ಕತ್ತಿ ಕಟ್ಟಿಕೊಂಡ ಶ್ರೀಮಂತನ ಜೊತೆ ಮಾತಿಗಿಳಿದಿದ್ದಾನೆ. ಆ ಶ್ರೀಮಂತ ಭೂಮಾಲೀಕ ಎಂಬುದು ಹಲವರ ಅಭಿಪ್ರಾಯ.

ಈ ಚಿತ್ರ ಮೊದಲು ಯಾರ ಮನೆಯಲ್ಲಿತ್ತೋ ದಾಖಲೆಯಿಲ್ಲ. 1594ರಲ್ಲಿ ಆರ್ಚ್‌ಡ್ಯೂಕ್ ಅರ್ನ್‌ಸ್ಟ್ ಬ್ರಸೆಲ್ಸಿನಲ್ಲಿ ಕೊಂಡ. ಇಂಥದೊಂದು ಹಲಗೆ ಊಟದ ಕೋಣೆಯಲ್ಲಿ ಕಣ್ಣೆತ್ತರಕ್ಕೆ ಇದ್ದಾಗ ಏನಾಗುತ್ತದೆ? ಚಿತ್ರದೊಳಗಿನ ಮೇಜು ಓರೆಯಾಗಿ ಒಳಕ್ಕೆ ಹೋಗುತ್ತದೆ, ಬಾಗಿಲು ಹೊತ್ತವರು ನಮ್ಮ ಕಡೆಯ ಅಂಚಿನಲ್ಲೇ ನಡೆಯುತ್ತಿದ್ದಾರೆ. ಕೋಣೆಯಲ್ಲಿ ನಿಜವಾದ ಆಳುಗಳು ನಿಜವಾದ ತಟ್ಟೆ ಹಿಡಿದು ಅದೇ ಹೊತ್ತಿಗೆ ಓಡಾಡುತ್ತಿರುತ್ತಾರೆ. ಅವರಲ್ಲಿ ಅನೇಕರು ಹಳ್ಳಿಯಿಂದ ಬಂದವರು. ಗೋಡೆಯ ಮೇಲೆ ಅತಿಥಿಗಳಾಗಿ ಕೂತವರ ಮಕ್ಕಳು ನೆಲದ ಮೇಲೆ ಬಡಿಸುವವರಾಗಿದ್ದರು. ಉಣ್ಣುವವರು, ಬಡಿಸುವವರು ಇಬ್ಬರೂ ಆ ಚಿತ್ರ ನೋಡಿದರು. ಬಡಿಸುವವರು ಏನಂದುಕೊಂಡರೆಂದು ಯಾವ ವಿದ್ವಾಂಸರೂ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಸಿಗದಿದ್ದರೂ, ಆ ಚಿತ್ರದ ಪ್ರೇಕ್ಷಕರು ಮನೆಯೊಡೆಯರು ಮಾತ್ರ ಎಂಬ ಭಾವನೆಯಾದರೂ ಸಡಿಲವಾಗುತ್ತದೆ.

ಬ್ರೂಗೆಲ್ ತೀರಿಕೊಂಡದ್ದು 1569ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ ಚರ್ಚುಗಳ ವಿಗ್ರಹಗಳನ್ನು ಒಡೆದಿದ್ದರು, ಎರಡು ವರ್ಷ ಹಿಂದೆ ಆಲ್ಬಾ ಡ್ಯೂಕನ ಸ್ಪೇನ್ ಸೈನ್ಯ ಬಂದಿಳಿದಿತ್ತು. 1576ರಲ್ಲಿ ಸಂಬಳ ಸಿಗದ ಸೈನಿಕರು ಆಂಟ್ವರ್ಪನ್ನು ಕೊಳ್ಳೆ ಹೊಡೆದರು, 1585ರಲ್ಲಿ ನಗರ ಶರಣಾಯಿತು, ಹಳ್ಳಿಗಳು ಬರಿದಾದವು. ಇದಾದ ಮೇಲೇ ರೈತರ ಹಬ್ಬದ ಚಿತ್ರಗಳಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದದ್ದು. ಅಪ್ಪ ಸತ್ತಾಗ ಹಸುಗೂಸಲ್ಲದಿದ್ದರೂ ಇನ್ನೂ ಎಳೆಯನಾಗಿದ್ದ ಮಗ, ಕಿರಿಯ ಪೀಟರ್, ಮುಂದೆ ಆಂಟ್ವರ್ಪಿನಲ್ಲಿ ದೊಡ್ಡ ಕಾರ್ಯಾಗಾರ ನಡೆಸಿದ. ಕ್ರಿಸ್ಟಿನಾ ಕರಿ ಮತ್ತು ದೊಮಿನಿಕ್ ಅಲಾರ್ ಅವರ ಅಧ್ಯಯನ ಆ ಕೆಲಸದ ಬಗೆಯನ್ನು ಬಯಲು ಮಾಡಿದೆ: ಮೂಲದ ರೇಖೆಗಳ ಗುಂಟ ಸೂಜಿಯಿಂದ ತೂತು ಹೊಡೆದ ಕಾಗದ, ಅದರ ಮೇಲೆ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಹಲಗೆಯ ಮೇಲೆ ಚುಕ್ಕೆಗಳ ಗೆರೆ, ಅದನ್ನು ಕೂಡಿಸಿ ಬಣ್ಣ. ಹೀಗೆ ಹುಟ್ಟಿದ ‘ಬಯಲಿನ ಮದುವೆ ಕುಣಿತ’ದ ಪ್ರತಿಗಳು ನೂರರ ಆಸುಪಾಸು ಇವೆ. ಸುಮಾರು ಎರಡಡಿ ಅಗಲ, ನಡುಮನೆಯ ಒಲೆಯ ಮೇಲೆ ಹಿಡಿಸುವ ಗಾತ್ರ. ಪ್ರತಿ ಎಂದು ಇವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅಪ್ಪನ ಮೂಲ ಚಿತ್ರಗಳು ರಾಜರ ಸಂಗ್ರಹ ಸೇರಿಹೋದ ಮೇಲೆ ಫ್ಲಾಂಡರ್ಸಿನ ಮನೆಗಳು ಬ್ರೂಗೆಲ್ ಎಂದರೆ ಏನೆಂದು ತಿಳಿದದ್ದು ಮಗನ ಕೈಯಿಂದ. ಇದಕ್ಕೂ ಮೊದಲೇ ಮಾರ್ಟೆನ್ ವಾನ್ ಕ್ಲೇವ ಎಂಬಾತ ಹೆಣ್ಣಿನ ಮೆರವಣಿಗೆ, ಗಂಡಿನ ಮೆರವಣಿಗೆ, ಉಡುಗೊರೆ ಒಪ್ಪಿಸುವುದು, ಮಂಚಕ್ಕೆ ಆಶೀರ್ವಾದ ಎಂದು ಮದುವೆಯನ್ನೇ ಚಿತ್ರಮಾಲೆ ಮಾಡಿ ಕೋಣೆ ತುಂಬ ಸಾಲಾಗಿ ತೂಗುಹಾಕುವಂತೆ ಕೊಟ್ಟ.

ಸುಟ್ಟ ಹಳ್ಳಿಗಳ ನಾಡಿನಲ್ಲಿ ಕುಣಿಯುವ ಹಳ್ಳಿಯನ್ನು ಗೋಡೆಗೆ ಏರಿಸುವುದರಲ್ಲಿ ಹಂಬಲವೂ ಇತ್ತು, ಕಣ್ಣು ಮುಚ್ಚಿಕೊಳ್ಳುವ ಆಸೆಯೂ ಇತ್ತು. ಕಣ್ಣು ತೆರೆಸಿದವರೂ ಇದ್ದರು. ಡಾವಿಡ್ ವಿಂಕ್‌ಬೂನ್ಸ್ 1609ರ ಸುಮಾರಿಗೆ ‘ರೈತರ ದುಃಖ’, ‘ರೈತರ ಸಂತೋಷ’ ಎಂಬ ಜೋಡಿ ಬರೆದ. ಮೊದಲನೆಯದರಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ ಒಡೆಯರಂತೆ ಕೂತಿದ್ದಾರೆ. ಎರಡನೆಯದರಲ್ಲಿ ರೈತರು ಅವರನ್ನು ಬಡಿದು ಓಡಿಸುತ್ತಿದ್ದಾರೆ. ಈ ಇಡೀ ಪರಂಪರೆಯಲ್ಲಿ ರೈತನ ಸಂತೋಷಕ್ಕೆ ಕುಡಿತವಲ್ಲದ ಕಾರಣ ಕೊಟ್ಟ ಚಿತ್ರಗಳು ವಿರಳ, ಅದಕ್ಕಾಗಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಸಂಗ್ರಹಾಲಯದಲ್ಲಿರುವ ಈ ಜೋಡಿಗೆ ನನ್ನ ಲೆಕ್ಕದಲ್ಲಿ ದೊಡ್ಡ ಸ್ಥಾನ.

ಮುಂದೆ ಒಡೆಯನೇ ಚಿತ್ರದೊಳಕ್ಕೆ ಬಂದ. ಕಿರಿಯ ಪೀಟರನ ತಮ್ಮ, ಹಿರಿಯ ಯಾನ್ ಬ್ರೂಗೆಲ್ ಬರೆದ ರೈತರ ಮದುವೆಯೂಟದಲ್ಲಿ ಆಳುವ ದಂಪತಿ ಆಲ್ಬರ್ಟ್ ಮತ್ತು ಇಸಬೆಲಾ ಕೂತಿದ್ದಾರೆ. ಯಾನ್‌ನ ಅಳಿಯ, ಬ್ರಸೆಲ್ಸ್ ಆಸ್ಥಾನದ ಕಲಾವಿದ ಡಾವಿಡ್ ಟೆನಿಯರ್ಸ್ ತನ್ನ ಕೆರ್ಮಿಸ್ ಚಿತ್ರಗಳ ಒಂದು ಬದಿಗೆ ರೇಷ್ಮೆ ತೊಟ್ಟ ಪಟ್ಟಣಿಗರನ್ನು ನಿಲ್ಲಿಸುತ್ತಾನೆ. ಅವರು ನೋಡಲು ಬಂದವರು, ಕುಣಿಯಲು ಬಂದವರಲ್ಲ. ಟೆನಿಯರ್ಸನ ರೈತರು ಚೊಕ್ಕಟ, ಪುಟ್ಟ, ಹೆಚ್ಚು ಗದ್ದಲವಿಲ್ಲದವರು. ಚೀಲವಾದ್ಯದವನ ಹಸಿವು ಅಲ್ಲಿಲ್ಲ. ಅದೇ ಕಾಲದಲ್ಲಿ ರೂಬೆನ್ಸ್ ಬರೆದ, ಈಗ ಲೂವ್ರ್‌ನಲ್ಲಿರುವ ‘ಕೆರ್ಮಿಸ್’ ಮಾತ್ರ ಬೇರೆಯೇ: ಎಂಟೂವರೆ ಅಡಿ ಅಗಲದಲ್ಲಿ ಜನ ಹೊಳೆಯಂತೆ ನುಗ್ಗುತ್ತಾರೆ, ಕುಣಿತಕ್ಕೂ ಕಾದಾಟಕ್ಕೂ ಗೆರೆ ಅಳಿಸಿಹೋಗುತ್ತದೆ. ಟೆನಿಯರ್ಸನ ರೈತರನ್ನು ಕಂಡು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಆ ವಿಕಾರಗಳನ್ನು ಕಣ್ಣೆದುರಿನಿಂದ ತೆಗೆಯಿರಿ ಎಂದನೆಂಬ ಕಥೆ ಪ್ರಸಿದ್ಧ. ಆದರೂ ರೂಬೆನ್ಸನ ಈ ಚಿತ್ರವನ್ನು 1685ರಲ್ಲಿ ಕೊಂಡವನು ಅದೇ ಲೂಯಿ.

ಟೆನಿಯರ್ಸ್ ಗೆದ್ದದ್ದು ನೂಲಿನಲ್ಲಿ. ಅವನ ಮಾದರಿಯಲ್ಲಿ ಬ್ರಸೆಲ್ಸಿನ ನೇಕಾರ ಮನೆತನಗಳು 17ನೆಯ ಶತಮಾನದ ಕೊನೆಯಿಂದ ಮುಂದಿನ ಶತಮಾನದುದ್ದಕ್ಕೂ ಉಣ್ಣೆ, ರೇಷ್ಮೆಗಳಲ್ಲಿ ಹಳ್ಳಿಯ ಹಬ್ಬ, ಮೀನಿನ ಪೇಟೆ, ಹಾಲು ಕರೆಯುವುದು, ಸುಗ್ಗಿ ಎಲ್ಲವನ್ನೂ ನೇಯ್ದವು. ‘ಟೆನಿಯರ್ಸ್’ ಎಂಬುದು ಒಂದು ಬಗೆಯ ಪರದೆಯ ಹೆಸರೇ ಆಗಿ ಯೂರೋಪಿನ ಅರಮನೆಗಳಿಗೆ ಹಬ್ಬಿತು. ಲೀಲ್, ಬೋವೆ ಊರುಗಳ ಮಗ್ಗಗಳೂ ಅದನ್ನು ನೇಯ್ದವು. ಮ್ಯಾಡ್ರಿಡ್‌ನ ಸಾಂತಾ ಬಾರ್ಬರಾ ಮಗ್ಗದಮನೆ ದೊರೆಗಾಗಿ ಟೆನಿಯರ್ಸ್ ಮಾದರಿಗಳನ್ನೇ ನೇಯುತ್ತಿತ್ತು. 1775ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದ ಗೋಯಾ ಆ ಹಳೆಯ ಅಚ್ಚಿನಿಂದ ಹೊರಬಂದು ಮ್ಯಾಡ್ರಿಡ್ಡಿನ ಜನರನ್ನು ಬರೆದ. ಪರದೆಯಾದಾಗ ಚಿತ್ರದ ಕೆಲಸವೇ ಬೇರೆಯಾಗುತ್ತದೆ. ಅದು ಗೋಡೆಯಿಂದ ಗೋಡೆಗೆ ಹರಡುತ್ತದೆ, ಚಳಿ ತಡೆಯುತ್ತದೆ, ಮಾತನ್ನು ನಿಲ್ಲಿಸಿ ನೋಡು ಎನ್ನುವುದಿಲ್ಲ. ರೈತ ಅಲ್ಲಿ ಮರ, ಮೋಡಗಳ ನಡುವೆ ಒಂದು ಹಿತವಾದ ಬಣ್ಣ.

ಗೋಡೆಗೆ ಒಗ್ಗಿಸಲು ಚಿತ್ರವನ್ನೇ ತಿದ್ದಿದ್ದೂ ಉಂಟು. ಡೆಟ್ರಾಯ್ಟಿನ ‘ಮದುವೆಯ ಕುಣಿತ’ದಲ್ಲಿ ಗಂಡಸರ ತೊಡೆಸಂದಿಯ ಉಬ್ಬಿದ ಬಟ್ಟೆಚೀಲಗಳು, ಅಂದಿನ ಉಡುಪಿನ ಸಾಮಾನ್ಯ ಭಾಗ, ಮುಂದೊಂದು ಕಾಲದ ಮಾಲೀಕರಿಗೆ ಮುಜುಗರವಾಗಿ ಬಣ್ಣ ಬಳಿಸಿಕೊಂಡಿದ್ದವು. ಸಂಗ್ರಹಾಲಯ 1930ರಲ್ಲಿ ಅದನ್ನು ಕೊಂಡ ಮೇಲೆ ನಡೆದ ಶುಚಿಕಾರ್ಯದಲ್ಲಿ ಅವು ಮತ್ತೆ ಹೊರಬಂದವು. ಇಂದು ಅದೇ ಕೆಲಸವನ್ನು ಕತ್ತರಿ ಮಾಡುತ್ತದೆ. ಸೋಫಾ ದಿಂಬಿಗೆ, ಯಂತ್ರದಲ್ಲಿ ನೇಯ್ದ ಪರದೆಗೆ, ಕ್ಯಾನ್ವಾಸ್ ಮುದ್ರಣಕ್ಕೆ ಹೊಂದಿಸುವಾಗ ಹೆಚ್ಚಾಗಿ ಹೋಗುವುದು ಅಂಚುಗಳು. ‘ರೈತರ ಮದುವೆ’ಯಲ್ಲಿ ಸಂನ್ಯಾಸಿ, ಭೂಮಾಲೀಕ ಇರುವುದು ಬಲ ಅಂಚಿನಲ್ಲಿ, ಬಾಗಿಲ ಬಳಿ ಒಳಬರಲು ನೂಕಾಡುವ ಜನ ಎಡ ಹಿನ್ನೆಲೆಯಲ್ಲಿ. ಅಂಚು ಕತ್ತರಿಸಿದರೆ ಆ ಊಟದ ಸುತ್ತಲಿನ ಒಡೆತನ, ಹಸಿವು ಎರಡೂ ಹೋಗುತ್ತವೆ. ಉಳಿಯುವುದು ಬಾಗಿಲು, ಬಟ್ಟಲು, ಕೆಂಪು ಅಂಗಿ. ಮನೆಗೆ ಇಂಥದೊಂದನ್ನು ತರಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಚಿಕ್ಕದಾದರೂ ಪೂರ್ತಿ ಚಿತ್ರ ತನ್ನಿ, ಊಟ ಮಾಡುವಲ್ಲಿ ಹಾಕಿ.

ಬ್ರೂಗೆಲ್ ಸ್ವತಃ 18, 19ನೆಯ ಶತಮಾನಗಳಲ್ಲಿ ಹೆಚ್ಚುಕಡಿಮೆ ಮರೆತುಹೋಗಿದ್ದ. 1900ರ ಸುಮಾರಿಗೆ ಬೆಲ್ಜಿಯನ್ ವಿದ್ವಾಂಸರು ಅವನನ್ನು ಮತ್ತೆ ಎತ್ತಿ ನಿಲ್ಲಿಸಿದರು, 1907ರಲ್ಲಿ ವಾನ್ ಬಾಸ್ಟೆಲಾರ್ ಮತ್ತು ಹುಲಿನ್ ದ ಲೂ ಅವರ ದೊಡ್ಡ ಗ್ರಂಥ ಬಂತು. 1928ರಲ್ಲಿ ಫೆಲಿಕ್ಸ್ ಟಿಮ್ಮರ್ಮಾನ್ಸ್ ಅವನ ಬದುಕನ್ನು ಕಾದಂಬರಿ ಮಾಡಿದಾಗ ಬ್ರೂಗೆಲ್ ಫ್ಲೆಮಿಷ್ ಜನರ ಮನೆಯ ಹಿರಿಯನಂತಾದ. 1979ರ ಆಸ್ಟೆರಿಕ್ಸ್ ಚಿತ್ರಕಥೆಯ ಬೆಲ್ಜಿಯನ್ ಸಂಪುಟದಲ್ಲೂ ‘ರೈತರ ಮದುವೆ’ಯ ಮೇಜು ಬಂದಿದೆ. ಫ್ಲಾಂಡರ್ಸಿನಲ್ಲಿ ಇಂದು ‘ಬ್ರೂಗೆಲ್ ಮೇಜು’ ಎಂದರೆ ರಕ್ತದ ಸಾಸೇಜು, ಕರಿರೊಟ್ಟಿ, ಗಿಣ್ಣು, ಅನ್ನದ ಪಾಯಸ ಎಲ್ಲ ಹರಡಿಟ್ಟ ಊಟ. ಮದುವೆಗೆ, ಊರಿನ ಸಂಘದ ಕೂಟಕ್ಕೆ ಅದನ್ನು ಬಡಿಸುತ್ತಾರೆ. ವಿಂಗೆನೆ ಎಂಬ ಊರಿನಲ್ಲಿ ಜನ ವೇಷ ತೊಟ್ಟು ಬ್ರೂಗೆಲ್‌ನ ಚಿತ್ರಗಳನ್ನು ಮೆರವಣಿಗೆಯಾಗಿ ನಡೆಸುತ್ತಾರೆ. ಶತಮಾನಗಳ ಕಾಲ ಪಟ್ಟಣದ ಗೋಡೆಯ ಮೇಲಿದ್ದ ಹಬ್ಬವನ್ನು ಹಳ್ಳಿಯವರು ಬೀದಿಗಿಳಿಸಿಕೊಂಡಿದ್ದಾರೆ. ಪಟ್ಟಣಿಗರು ಬಂದು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಾರೆ, ಟೆನಿಯರ್ಸ್ ಅವರನ್ನು ನಿಲ್ಲಿಸಿದ್ದ ಜಾಗದಲ್ಲೇ. ಆದರೆ ಈ ಸಲ ಚಿತ್ರ ಯಾವುದು, ಯಾರು ಏನು ಉಡಬೇಕು, ಯಾರು ಮೊದಲು ನಡೆಯಬೇಕು ಎಂಬುದನ್ನು ಗೊತ್ತು ಮಾಡುವವರು ಆ ಊರಿನವರು.